ತಲೆಗೆ ಬಟ್ಟೆ ಇದ್ದರೆ ಕೆಲಸ ಸಿಗಲ್ವಾ?

ಪ್ರಶ್ನೆ: ಮೇಡಂ, ನಮ್ಮದು ಚಿಕ್ಕಮಗಳೂರು. ಬಿ.ಕಾಂ. ಮುಗಿದು ಎರಡು ವರ್ಷ ಆಯ್ತು. ಟ್ಯಾಲಿ ಬರುತ್ತೆ, ಇಂಗ್ಲಿಷ್ ಪರವಾಗಿಲ್ಲ. ಗಿರಿ ಕಡೆಯ ಒಂದು ರೆಸಾರ್ಟ್‌ನಲ್ಲಿ ರಿಸೆಪ್ಶನ್ ಕೆಲಸಕ್ಕೆ ಹೋಗಿದ್ದೆ. ಎಲ್ಲ ಕೇಳಿ ಕೊನೆಗೆ ನನ್ನ ಹಿಜಾಬ್ ತೋರಿಸಿ "ಇದನ್ನ ತೆಗೆದು ಬರೋಕಾಗುತ್ತಾ?" ಅಂದರು. ಯೋಚನೆ ಮಾಡಿ ಹೇಳ್ತೀನಿ ಅಂತ ಬಂದೆ. ಅಮ್ಮಿ ಆ ಕೆಲಸವೇ ಬೇಡ ಅಂತಾರೆ. ಅಣ್ಣ "ಡ್ಯೂಟಿ ಟೈಮಲ್ಲಿ ತೆಗೆದಿಟ್ಟರಾಯ್ತು" ಅಂತಾನೆ. ಇನ್ನು ಮುಂದೆ ರೆಸ್ಯೂಮೆಗೆ ಹಿಜಾಬ್ ಇಲ್ಲದ ಫೋಟೋ ಹಾಕಲಾ?

ಉತ್ತರ: ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಗಡ್ಡ ಬಿಟ್ಟ ಹುಡುಗರು ಕೇಳುತ್ತಾರೆ. ಅಯ್ಯಪ್ಪ ಮಾಲೆ ಹಾಕಿದವರು ಕಪ್ಪು ಬಟ್ಟೆಯಲ್ಲಿ, ಬರಿಗಾಲಲ್ಲಿ ಇಂಟರ್‌ವ್ಯೂಗೆ ಹೋಗಬಹುದಾ ಅಂತ ಕೇಳುತ್ತಾರೆ. ಹಣೆ ತುಂಬ ವಿಭೂತಿ ಹಚ್ಚುವವರೂ ಕೇಳಿದ್ದಾರೆ. ಆದರೆ ಭಾರ ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ. ಮಾಲೆ 41 ದಿನದ ವ್ರತ ಮುಗಿದ ಮೇಲೆ ಇಳಿಯುತ್ತದೆ. ವಿಭೂತಿ ನೋಡಿ ಕೈ ಮುಗಿಯುವವರೇ ನಮ್ಮ ಕಡೆ ಜಾಸ್ತಿ. ನಿಮ್ಮ ತಲೆಬಟ್ಟೆ ಕಂಡ ಕೂಡಲೇ ಎಷ್ಟೋ ಜನರ ಮುಖಭಾವವೇ ಬೇರೆಯಾಗುತ್ತದೆ. ಇದನ್ನು ಮುಚ್ಚಿಟ್ಟು ನಿಮಗೆ ಸಲಹೆ ಕೊಡಲಾರೆ.

ತೆಗೆಯಲಾ ಬೇಡವಾ ಅನ್ನುವುದಕ್ಕೆ ಮೊದಲು ಇನ್ನೊಂದು ಕೇಳಿಕೊಳ್ಳಿ. ಅವರು ಹೇಳಿದ ನಿಯಮ ಕೆಲಸಕ್ಕಾಗಿ ಇರುವುದಾ, ಇಲ್ಲಾ ನೋಡುವವರ ಕಣ್ಣಿಗಾ?

ಹಾಸನದ ಹತ್ತಿರ ಒಂದು ಗಾರ್ಮೆಂಟ್ಸ್‌ನಲ್ಲಿ ನಾನು ಹನ್ನೊಂದು ವರ್ಷ ಎಚ್.ಆರ್. ಕೆಲಸ ಮಾಡಿದೆ. ಅಲ್ಲಿ ಹೊಲಿಗೆ ಲೈನಿಗೆ ಪಿನ್ನು ತರುವ ಹಾಗಿರಲಿಲ್ಲ. ಮಗುವಿನ ಅಂಗಿಯೊಳಗೆ ಒಂದು ಪಿನ್ನು ಸೇರಿಹೋದರೆ ಮುಗಿಯಿತು, ಇಡೀ ಲಾಟೇ ವಾಪಸ್. ಸೂಜಿ ಮುರಿದರೆ ಅದರ ಚೂರುಗಳನ್ನೆಲ್ಲ ಹುಡುಕಿ, ರಿಜಿಸ್ಟರಿನಲ್ಲಿ ಟೇಪು ಹಾಕಿ ಅಂಟಿಸಿದ ಮೇಲೇ ಹೊಸ ಸೂಜಿ ಕೊಡುತ್ತಿದ್ದರು. ಹಿಜಾಬ್ ಹಾಕುವ ಹುಡುಗಿಯರಿಗೆ ಕಿವಿ ಪಕ್ಕ ಒಂದು, ಗಲ್ಲದ ಕೆಳಗೆ ಒಂದು ಪಿನ್ನು. ಮದುವೆಯಾದವರ ತಾಳಿಸರದಲ್ಲಿ ಜೋತುಬಿದ್ದ ನಾಲ್ಕೈದು ಪಿನ್ನು. ಗೇಟಿನಲ್ಲಿ ಎರಡನ್ನೂ ತೆಗೆಸುತ್ತಿದ್ದರು. ಸುಮ್ನೆ ಗಲಾಟೆ. ಕೊನೆಗೆ ಕಾಲರ್ ಹೊಲಿಯುತ್ತಿದ್ದ ಒಬ್ಬ ಹುಡುಗಿ ತನ್ನ ಬಟ್ಟೆಯನ್ನು ಗಲ್ಲದ ಕೆಳಗೆ ಹೊಲಿದೇ ಬಿಟ್ಟಳು. ಕುಲಾವಿ ಹಾಗೆ ತಲೆ ಮೇಲಿಂದ ಎಳೆದುಕೊಂಡರೆ ಸಾಕು, ಒಂದು ಪಿನ್ನೂ ಬೇಡ. ಮುಂದಿನ ವಾರ ಊಟದ ಬಿಡುವಿನಲ್ಲಿ ಇನ್ನೂ ಮೂವರಿಗೆ ಹೊಲಿದುಕೊಟ್ಟಳು. ಸೂಪರ್‌ವೈಸರ್ ಅಂಚು ಎಳೆದು ನೋಡಿ "ಸರಿ, ನಡೀರಿ" ಅಂದರು.

ಇದು ಕೆಲಸದ ನಿಯಮ. ಕಾರಣ ಇದೆ, ಎಲ್ಲರಿಗೂ ಒಂದೇ, ದಾರಿ ಹುಡುಕಿದರೆ ಸಿಗುತ್ತದೆ. ಕೋವಿಡ್ ಸಮಯದಲ್ಲಿ ಎನ್95 ಮಾಸ್ಕು ಗಡ್ಡದ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ. ಸಿಖ್ ವೈದ್ಯರು ಗಡ್ಡವನ್ನು ಪಟ್ಟಿಯಿಂದ ಬಿಗಿದು ಕಟ್ಟಿ ಅದರ ಮೇಲೆ ಮಾಸ್ಕು ಹಾಕಿಕೊಂಡರು. ಅಲ್ಲಿಯೂ ನಿಯಮಕ್ಕೆ ಅರ್ಥ ಇತ್ತು.

ರಿಸೆಪ್ಶನ್‌ನಲ್ಲಿ ಏನು ಕೆಲಸ? ಫೋನ್ ಎತ್ತುವುದು, ಬಂದವರ ಗುರುತಿನ ಚೀಟಿ ನೋಡುವುದು, ಕೀ ಕೊಡುವುದು, ಬಿಲ್ ಮಾಡುವುದು. ತಲೆ ಮೇಲಿನ ಬಟ್ಟೆ ಇದರಲ್ಲಿ ಯಾವುದಕ್ಕೂ ಅಡ್ಡ ಬರುವುದಿಲ್ಲ. ಹಾಗಾಗಿ ಆ ಮಾತು ನೋಡುವವರ ಕಣ್ಣಿಗಾಗಿಯೇ ಬಂದದ್ದು.

ಮೇಜಿನ ಆ ಕಡೆ ನಾನೂ ಕೂತಿದ್ದೆ. ಅಕೌಂಟ್ಸ್‌ಗೆ ಒಬ್ಬ ಹುಡುಗ ಬಂದಿದ್ದ. ಉದ್ದ ಗಡ್ಡ, ತಲೆ ಮೇಲೆ ಟೋಪಿ, ಕೇಳಿದ್ದಕ್ಕೆಲ್ಲ ತಪ್ಪಿಲ್ಲದೆ ಉತ್ತರ. ಅವನು ಎದ್ದು ಹೋದ ಮೇಲೆ ಮೇಲಿನವರು "ಹುಡುಗ ಚೆನ್ನಾಗಿದಾನೆ, ಆದ್ರೆ ಬೈಯರ್ಸ್ ಬರ್ತಾರಲ್ಲ" ಅಂದರು. ಅಕೌಂಟ್ಸ್ ರೂಮಿಗೆ ಯಾವ ಬೈಯರೂ ಬರುತ್ತಿರಲಿಲ್ಲ. ನನಗೆ ಅದು ಗೊತ್ತಿತ್ತು. ಆದರೂ ಪಟ್ಟಿ ನೋಡಿ ಮುಂದಿನ ಹೆಸರು ಕರೆದೆ. ಅವತ್ತು ಬಾಯಿ ಬಿಡಬೇಕಿತ್ತು.

ಕಾನೂನು ಏನು ಹೇಳುತ್ತದೆ ಅಂತಲೂ ಜನ ಕೇಳುತ್ತಾರೆ. ಸರ್ಕಾರಿ ಕೆಲಸವಾದರೆ ಸಂವಿಧಾನದ 16ನೇ ವಿಧಿ ಇದೆ. ಬರೀ ಧರ್ಮದ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ. ಹಾಗಂತ ಸಮವಸ್ತ್ರದ ಪಡೆಗಳಲ್ಲಿ ಎಲ್ಲಕ್ಕೂ ಒಪ್ಪಿಗೆ ಸಿಗುವುದಿಲ್ಲ. ವಾಯುಪಡೆಯಲ್ಲಿ ಗಡ್ಡ ಬಿಟ್ಟದ್ದಕ್ಕೆ ಕೆಲಸ ಕಳೆದುಕೊಂಡ ಒಬ್ಬರ ಮೇಲ್ಮನವಿಯನ್ನು 2016ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಖಾಸಗಿಯಲ್ಲಿ ನಿಮಗೆ ರಕ್ಷಣೆ ತೀರಾ ಕಡಿಮೆ. ಅಂಗವಿಕಲರಿಗೆ 2016ರ ಕಾಯ್ದೆ ಖಾಸಗಿಯವರ ಹತ್ತಿರವೂ ನೆರವಿಗೆ ಬರುತ್ತದೆ. ಧರ್ಮ ನೋಡಿ ಕೆಲಸ ಕೊಡದವರನ್ನು ಹಿಡಿದು ಕೇಳುವ ಅಂಥ ಕಾಯ್ದೆ ನಮ್ಮಲ್ಲಿಲ್ಲ. ಅಮೆರಿಕದಲ್ಲಿ ಇದೆ. 2008ರಲ್ಲಿ ಅಲ್ಲಿನ ಒಂದು ಬಟ್ಟೆ ಅಂಗಡಿ, ತಲೆಬಟ್ಟೆ ತಮ್ಮ 'ಲುಕ್'ಗೆ ಹೊಂದುವುದಿಲ್ಲ ಅಂತ 17 ವರ್ಷದ ಹುಡುಗಿಗೆ ಕೆಲಸ ಕೊಡಲಿಲ್ಲ. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 8-1ರಲ್ಲಿ ಆಕೆಯ ಪರ ನಿಂತಿತು. ನಮಗೂ ಅಂಥ ಕಾನೂನು ಬೇಕು ಅನ್ನುವವಳು ನಾನು.

"ಹಿಜಾಬ್ ಬೇಡ ಅಂತ ಕೋರ್ಟೇ ಹೇಳಿದೆಯಲ್ಲ" ಅಂತ ಯಾರಾದರೂ ಅಂದರೆ ನಂಬಬೇಡಿ. 2022ರ ಮಾರ್ಚ್‌ನ ಹೈಕೋರ್ಟ್ ತೀರ್ಪು ಶಾಲಾ ಕಾಲೇಜಿನ ಸಮವಸ್ತ್ರದ ಬಗ್ಗೆ. ಅದೇ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು ಎರಡು ರೀತಿ ತೀರ್ಪು ಕೊಟ್ಟರು. ರೆಸಾರ್ಟ್‌ಗೂ ಅದಕ್ಕೂ ಸಂಬಂಧವಿಲ್ಲ.

ಈಗ ಫೋಟೋ ವಿಷಯ. ಕೇಳದಿದ್ದರೆ ಫೋಟೋ ಹಾಕಲೇಬೇಡಿ. ಕೇಳಿದರೆ, ಕೆಲಸಕ್ಕೆ ಹೇಗೆ ಹೋಗುತ್ತೀರೋ ಹಾಗೇ ಇರುವ ಫೋಟೋ ಹಾಕಿ. ಪಾಸ್‌ಪೋರ್ಟ್‌ಗೇ ಧರ್ಮದ ಕಾರಣಕ್ಕೆ ತಲೆ ಮುಚ್ಚಿದ ಫೋಟೋ ನಡೆಯುತ್ತದೆ, ಗಲ್ಲದಿಂದ ಹಣೆವರೆಗೆ ಮುಖ ಕಾಣಬೇಕು ಅಷ್ಟೆ. ಹಿಜಾಬ್ ಇಲ್ಲದ ಫೋಟೋ ಕಳಿಸಿ ಹಾಕಿಕೊಂಡು ಹೋದರೆ, ಮೊದಲ ಐದು ನಿಮಿಷ ಅದರ ವಿವರಣೆಗೇ ಹೋಗುತ್ತದೆ. ನಿಮ್ಮ ಟ್ಯಾಲಿ ಬಗ್ಗೆ ಕೇಳಬೇಕಾದ ಸಮಯ ಅದು.

ಸರ್ಕಾರಿ ಪರೀಕ್ಷೆ ಕಟ್ಟಿದರೆ ಹಾಲ್ ಟಿಕೆಟ್‌ನ ಸೂಚನೆ ಪೂರ್ತಿ ಓದಿ, ತಪಾಸಣೆಗೆ ಒಂದು ಗಂಟೆ ಮೊದಲೇ ಹೋಗಿ. 2025ರ ಸಿಇಟಿಯಲ್ಲಿ ಶಿವಮೊಗ್ಗ, ಬೀದರ್‌ನಲ್ಲಿ ಹುಡುಗರಿಗೆ ಜನಿವಾರ ತೆಗೆಯಲು ಹೇಳಿದ್ದು ನೆನಪಿದೆ ಅಲ್ವಾ? ಗೇಟಿನಲ್ಲಿ ನಿಂತವರಿಗೆ ನಿಯಮ ಸರಿಯಾಗಿ ಗೊತ್ತಿಲ್ಲದಿದ್ದರೆ ಯಾರ ಮೇಲೆ ಬೇಕಾದರೂ ಬೀಳಬಹುದು.

ಡ್ಯೂಟಿಯಲ್ಲಿ ತೆಗೆದಿಡುವುದು ನಿಮಗೆ ಸರಿ ಅನ್ನಿಸಿದರೆ ಅದು ನಿಮ್ಮ ತೀರ್ಮಾನ, ಅದರಲ್ಲಿ ತಪ್ಪೇನಿಲ್ಲ. ಬೇಡ ಅನ್ನಿಸಿದರೆ ಅದೂ ನಿಮ್ಮದೇ. ಅಮ್ಮಿ, ಅಣ್ಣ, ನಾನು ಯಾರೂ ನಿಮ್ಮ ಬದಲು ಎಂಟು ಗಂಟೆ ಆ ಕೌಂಟರಿನಲ್ಲಿ ನಿಲ್ಲುವುದಿಲ್ಲ.

ಆ ರೆಸಾರ್ಟ್‌ಗೆ ಇನ್ನೊಂದು ಸಲ ಫೋನ್ ಮಾಡಿ. "ಸರ್, ಡ್ರೆಸ್ ಕೋಡ್ ಬರೆದಿಟ್ಟಿದ್ದೀರಾ? ಒಂದು ಕಾಪಿ ಕೊಡ್ತೀರಾ?" ಅಂತ ಕೇಳಿ. ಎಷ್ಟೋ ಕಡೆ ಬರೆದೇ ಇರುವುದಿಲ್ಲ. ಆಗ "ನಿಮ್ಮ ಯೂನಿಫಾರ್ಮ್ ಬಣ್ಣದ್ದೇ ಬಟ್ಟೆ ಕಟ್ಟಿಕೊಂಡು ಬರ್ತೀನಿ, ಒಂದು ವಾರ ನೋಡಿ" ಅನ್ನಿ. ಆಗಲ್ಲ ಅಂದರೆ ಆ ಕೆಲಸ ಬಿಡಿ. ಟ್ಯಾಲಿ ಬರುವವರು ಬೇಕು ಅನ್ನುವ ಕಾಫಿ ವ್ಯಾಪಾರಿಗಳ ಆಫೀಸು, ಆಡಿಟರ್ ಆಫೀಸು ನಿಮ್ಮೂರಲ್ಲೇ ಇವೆ. ಮಾರ್ಚ್ ಹತ್ತಿರ ಬಂದಾಗ ಅಲ್ಲಿ ಕೈ ಸಾಲುವುದಿಲ್ಲ. ಜನವರಿಯಲ್ಲೇ ಹೋಗಿ ರೆಸ್ಯೂಮೆ ಕೊಟ್ಟು ಬನ್ನಿ.