ಹೋಸ್ಟ್‌ನಲ್ಲಿ ಮೆಮೊರಿ ಖಾಲಿ ಇದ್ದರೂ ಕಂಟೇನರ್ ಒಳಗಿನ ಡೇಟಾಬೇಸ್ ನಿಂತುಹೋಗುವುದು ಯಾಕೆ?

ಪ್ರಶ್ನೆ: ಕಲಬುರಗಿ ಗಂಜ್‌ನಲ್ಲಿ ನಮ್ಮದು ಅಡತ್ ಅಂಗಡಿ. 16 ಜಿಬಿ ರ‍್ಯಾಮ್ ಇರುವ ಲಿನಕ್ಸ್ ಯಂತ್ರದಲ್ಲಿ (ಇದೇ ಹೋಸ್ಟ್) ಇನ್‌ಕಸ್ ಎಂಬ ತಂತ್ರಾಂಶ ಹಾಕಿ ಮೂರು ಕಂಟೇನರ್, ಅಂದರೆ ಒಂದರಿಂದೊಂದು ಬೇರೆಯಾಗಿ ಓಡುವ ಸಣ್ಣ ಲಿನಕ್ಸ್ ವ್ಯವಸ್ಥೆ, ಮಾಡಿದ್ದೇವೆ. ಲೆಕ್ಕದ ಡೇಟಾಬೇಸ್ ಮರಿಯಾಡಿಬಿ ಇರುವ ಕಂಟೇನರಿಗೆ 1 ಜಿಐಬಿ (ಸುಮಾರು 1 ಜಿಬಿ) ಮೆಮೊರಿ ಮಿತಿ ಇದೆ. ತೊಗರಿ ಸುಗ್ಗಿ ಶುರುವಾದಾಗಿನಿಂದ ಬೆಳಿಗ್ಗೆ ಚೆನ್ನಾಗಿ ನಡೆದು ಮಧ್ಯಾಹ್ನಕ್ಕೆ ಡೇಟಾಬೇಸ್ ನಿಂತುಬಿಡುತ್ತದೆ. ಹೋಸ್ಟ್‌ನಲ್ಲಿ ನೋಡಿದರೆ 9 ಜಿಬಿ ಖಾಲಿ!

ಉತ್ತರ: ಆ 9 ಜಿಬಿಯಲ್ಲಿ ಒಂದು ಬೈಟ್ ಕೂಡ ಈ ಕಂಟೇನರಿಗೆ ಸಿಗುವುದಿಲ್ಲ. ಆ ಕಂಟೇನರಿನ ಪ್ರೊಸೆಸ್‌ಗಳೆಲ್ಲ (ಓಡುತ್ತಿರುವ ಪ್ರೋಗ್ರಾಂಗಳು) ಸಿಗ್ರೂಪ್ ಎಂಬ ಒಂದೇ ಗುಂಪಿನಲ್ಲಿರುತ್ತವೆ. ಲಿನಕ್ಸ್‌ನ ತಿರುಳಾದ ಕರ್ನಲ್ ಅವು ಬಳಸುವ ಮೆಮೊರಿಯನ್ನು ಒಟ್ಟಿಗೆ ಎಣಿಸಿ ಮಿತಿಯೊಳಗೆ ಇಡುತ್ತದೆ. ಮಿತಿ ಮುಟ್ಟಿದಾಗ ಮೊದಲು ಫೈಲ್ ಕ್ಯಾಶ್ (ಡಿಸ್ಕಿನ ಫೈಲ್‌ಗಳ, ಮೆಮೊರಿಯಲ್ಲಿಟ್ಟ ಪ್ರತಿ) ಖಾಲಿ ಮಾಡಿ ನೋಡುತ್ತದೆ. ಅದೂ ಸಾಲದಿದ್ದರೆ ಆ ಗುಂಪಿನಲ್ಲೇ ಅತಿ ಹೆಚ್ಚು ಮೆಮೊರಿ ಹಿಡಿದ ಪ್ರೊಸೆಸನ್ನು ಕೊಲ್ಲುತ್ತದೆ. ನಿಮ್ಮಲ್ಲಿ ಅದು ಡೇಟಾಬೇಸ್.

ಇದನ್ನು ಖಚಿತ ಮಾಡಿಕೊಂಡೇ ಮುಂದೆ ಹೋಗಿ. ಕಂಟೇನರ್ ಒಳಗೆ ಕರ್ನಲ್ ಲಾಗ್ ಸಾಮಾನ್ಯವಾಗಿ ಕಾಣಿಸುವುದಿಲ್ಲ. ಎಲ್ಲಕ್ಕೂ ಕರ್ನಲ್ ಒಂದೇ ಆದ್ದರಿಂದ ಹೋಸ್ಟ್‌ನಲ್ಲಿ ರೂಟ್ ಆಗಿ ‘ಜರ್ನಲ್‌ಸಿಟಿಎಲ್ -ಕೆ’ ಕೊಡಿ (ಇಲ್ಲಿರುವ ಕಮಾಂಡ್‌ಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು). ‘ಮೆಮೊರಿ ಸಿಗ್ರೂಪ್ ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೊಸೆಸ್’ ಎಂಬ ಸಾಲು, ಅದರ ಮುಂದೆ ಆವರಣದಲ್ಲಿ ಮರಿಯಾಡಿಬಿಡಿ ಹೆಸರು ಇದ್ದರೆ ಕಾರಣ ಇದೇ. ಅದೇ ಸಾಲಿನ ‘ಅನಾನ್-ಆರ್‌ಎಸ್‌ಎಸ್’ ಅಂಕಿ ಸಾಯುವ ಹೊತ್ತಿಗೆ ಡೇಟಾಬೇಸ್ ಎಷ್ಟು ಮೆಮೊರಿ ಹಿಡಿದಿತ್ತು ಎಂದು ಕೆಬಿ ಲೆಕ್ಕದಲ್ಲಿ ಹೇಳುತ್ತದೆ. ಆರಂಭದ ‘ಮೆಮೊರಿ ಸಿಗ್ರೂಪ್’ ಎಂಬ ಎರಡು ಪದ ಇಲ್ಲದಿದ್ದರೆ ಮೆಮೊರಿ ತೀರಿದ್ದು ಇಡೀ ಹೋಸ್ಟ್‌ನದು. ಅದರ ಚಿಕಿತ್ಸೆ ಬೇರೆ.

ಕಂಟೇನರ್ ಒಳಗೂ ಒಂದು ಸಾಕ್ಷಿ ಇರುತ್ತದೆ. ಸಿಗ್ರೂಪ್ ಎರಡನೇ ಆವೃತ್ತಿಯಲ್ಲಿ ‘/ಸಿಸ್/ಎಫ್‌ಎಸ್/ಸಿಗ್ರೂಪ್/ಮೆಮೊರಿ.ಈವೆಂಟ್ಸ್’ ಫೈಲನ್ನು ‘ಕ್ಯಾಟ್’ ಮಾಡಿದರೆ ‘ಓಒಎಂ_ಕಿಲ್’ (ಓಒಎಂ ಅಂದರೆ ಔಟ್ ಆಫ್ ಮೆಮೊರಿ) ಎದುರು ಎಷ್ಟು ಸಲ ಹೀಗಾಗಿದೆ ಎಂಬ ಎಣಿಕೆ ಸಿಗುತ್ತದೆ. ಕಂಟೇನರ್ ರೀಸ್ಟಾರ್ಟ್ ಮಾಡಿದರೆ ಈ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಗಾಬರಿಯಲ್ಲಿ ಮೊದಲು ರೀಸ್ಟಾರ್ಟ್ ಒತ್ತುವುದರಿಂದಲೇ ಎಷ್ಟೋ ಸಲ ಕಾರಣ ಸಿಗದೆ ಹೋಗುತ್ತದೆ.

ಮಧ್ಯಾಹ್ನವೇ ಯಾಕೆ? ಟೇಬಲ್‌ಗಳ ಡೇಟಾವನ್ನು ಮರಿಯಾಡಿಬಿ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗಕ್ಕೆ ಬಫರ್ ಪೂಲ್ ಎನ್ನುತ್ತಾರೆ. ಅದರ ಗಾತ್ರ ಹೇಳುವ ‘ಇನ್ನೋಡಿಬಿ_ಬಫರ್_ಪೂಲ್_ಸೈಜ್’ ಮೂಲದಲ್ಲಿ 128 ಎಂಬಿ. ರ‍್ಯಾಮ್‌ನ ಶೇ 70–80 ಕೊಡಿ ಎಂಬ ಸಲಹೆ ನಂಬಿ ಅನೇಕರು ಅದನ್ನು 800 ಎಂಬಿಗೆ ಏರಿಸಿರುತ್ತಾರೆ. ಆ ಸಲಹೆ ಡೇಟಾಬೇಸ್ ಒಂದೇ ಓಡುವ ದೊಡ್ಡ ಯಂತ್ರಕ್ಕೆ ಸರಿ, 1 ಜಿಐಬಿ ಕಂಟೇನರಿಗಲ್ಲ. ಪೂಲ್ ಶುರುವಿನಲ್ಲೇ ತುಂಬುವುದಿಲ್ಲ. ಪಟ್ಟಿ, ಖಾತೆ ತೆರೆದಂತೆಲ್ಲ ಪುಟ ಪುಟವಾಗಿ ತುಂಬುತ್ತದೆ. ಸುಗ್ಗಿಯಲ್ಲಿ ನಾಲ್ಕಾರು ಜನ ಒಟ್ಟಿಗೆ ಕೂತು ಪಟ್ಟಿ ಹೊಡೆಯುವಾಗ ಪ್ರತಿ ಸಂಪರ್ಕದ ಸಾರ್ಟ್ ಬಫರ್ ಮತ್ತು ತಾತ್ಕಾಲಿಕ ಟೇಬಲ್‌ಗಳೂ ಅದರ ಮೇಲೆ ಕೂಡುತ್ತವೆ.

ಹಾಗಾಗಿ ನಿಮ್ಮಲ್ಲೂ ಹೀಗೆ ಏರಿಸಿದ್ದರೆ ಮೊದಲು ಪೂಲ್ ಇಳಿಸಿ. ಡೆಬಿಯನ್‌ನಲ್ಲಿ ‘/ಇಟಿಸಿ/ಮೈಎಸ್‌ಕ್ಯೂಎಲ್/ಮರಿಯಾಡಿಬಿ.ಕಾನ್ಫ್.ಡಿ’ ಒಳಗಿನ ‘50-ಸರ್ವರ್.ಸಿಎನ್‌ಎಫ್’ನಲ್ಲಿ ಅದನ್ನು 512ಎಂ ಮಾಡಿ, ಮರಿಯಾಡಿಬಿ ಸೇವೆಯನ್ನು ರೀಸ್ಟಾರ್ಟ್ ಮಾಡಿ. ಆಮೇಲೆ ಹೋಸ್ಟ್‌ನಿಂದ ಮಿತಿ ಏರಿಸಿ: ‘ಇನ್‌ಕಸ್ ಕಾನ್ಫಿಗ್ ಸೆಟ್ ಲೆಕ್ಕ ಲಿಮಿಟ್ಸ್.ಮೆಮೊರಿ=2ಜಿಐಬಿ’. ‘ಲೆಕ್ಕ’ ಇರುವಲ್ಲಿ ನಿಮ್ಮ ಕಂಟೇನರಿನ ಹೆಸರು ಹಾಕಿ. ಜಿ, ಬಿ ದೊಡ್ಡಕ್ಷರ, ನಡುವಿನ ಐ ಸಣ್ಣಕ್ಷರ. ಐ ಬಿಟ್ಟರೆ 1024ರ ಬದಲು 1000ದ ಲೆಕ್ಕ ಹಿಡಿದು ಮಿತಿ ತುಸು ಕಡಿಮೆಯಾಗುತ್ತದೆ. ಓಡುತ್ತಿರುವ ಕಂಟೇನರಿಗೂ ಇದು ತಕ್ಷಣ ಅನ್ವಯಿಸುತ್ತದೆ. ಇನ್‌ಕಸ್ ಬದಲು ಅದೇ ಬಗೆಯ ಎಲ್‌ಎಕ್ಸ್‌ಡಿ ಇರುವವರು ಇದೇ ಕಮಾಂಡಿನಲ್ಲಿ ‘ಇನ್‌ಕಸ್’ ತೆಗೆದು ‘ಎಲ್‌ಎಕ್ಸ್‌ಸಿ’ ಹಾಕಿದರಾಯಿತು.

ಮಿತಿಯನ್ನೇ ತೆಗೆದುಹಾಕುವ ಯೋಚನೆ ಮಾತ್ರ ಬೇಡ. ಆಗ ಡೇಟಾಬೇಸ್ ಹಿಗ್ಗಿ ಹೋಸ್ಟ್‌ನ ಮೆಮೊರಿಯೇ ತೀರಿದರೆ, ತಪ್ಪು ಮಾಡದ ಪಕ್ಕದ ಕಂಟೇನರಿನ ಪ್ರೊಸೆಸ್ ಕೂಡ ಬಲಿಯಾಗಬಹುದು.

ಗಂಜ್‌ನಲ್ಲಿ ಆವಕ ಜೋರಾಗಿರುವ ದಿನ ಸಂಜೆ ‘ಇನ್‌ಕಸ್ ಇನ್ಫೋ ಲೆಕ್ಕ’ ಕೊಟ್ಟು ಮೆಮೊರಿಯ ‘ಪೀಕ್’ (ಗರಿಷ್ಠ ಬಳಕೆ) ಸಾಲು ಇದ್ದರೆ ಅದನ್ನು, ಇಲ್ಲದಿದ್ದರೆ ‘ಕರೆಂಟ್’ (ಈಗಿನ ಬಳಕೆ) ಸಾಲನ್ನು ನೋಡಿ. ಫೈಲ್ ಕ್ಯಾಶ್ ಕೂಡ ಅದರಲ್ಲಿ ಸೇರಿರುತ್ತದೆ, ಹಾಗಾಗಿ ಆ ಅಂಕಿ ಮಿತಿಯ ಹತ್ತಿರ ಬಂದಿದ್ದರೂ ‘ಓಒಎಂ_ಕಿಲ್’ ಎಣಿಕೆ ಮುಂಚಿಗಿಂತ ಏರದೆ ನಿಂತಿದ್ದರೆ ಚಿಂತೆಯಿಲ್ಲ.