ಕಿವಿಯಿಂದ ಪರದೆಗೆ: ಅನ್ನನಾಳದ ಸ್ಟೆತಾಸ್ಕೋಪ್ ನಡೆದು ಬಂದ ದಾರಿ

1848ರ ಜನವರಿ 28ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿ ಹಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿಯ ಕಾಲುಗುರು ತೆಗೆಯುವುದಕ್ಕಾಗಿ ವೈದ್ಯರು ಕ್ಲೋರೋಫಾರ್ಮ್ ಕೊಟ್ಟರು. ಕೆಲವೇ ನಿಮಿಷಗಳಲ್ಲಿ ಆಕೆ ತೀರಿಕೊಂಡಳು. ಬಾಸ್ಟನ್‌ನಲ್ಲಿ ಈಥರ್ ಬಳಸಿ ನೋವಿಲ್ಲದ ಶಸ್ತ್ರಚಿಕಿತ್ಸೆಯನ್ನು ಎಲ್ಲರೆದುರು ಮಾಡಿ ತೋರಿಸಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಪ್ರಜ್ಞೆ ತಪ್ಪಿಸುವ ವಿದ್ಯೆ ಕೈಗೆ ಬಂದಿತ್ತು, ಆದರೆ ಪ್ರಜ್ಞೆ ಇಲ್ಲದವರ ಹೃದಯ ಹೇಗಿದೆ ಎಂದು ಕ್ಷಣಕ್ಷಣಕ್ಕೂ ತಿಳಿಯಲು ನಾಡಿಯ ಮೇಲಿಟ್ಟ ಬೆರಳನ್ನು ಬಿಟ್ಟು ಹೆಚ್ಚೇನೂ ಇರಲಿಲ್ಲ.

ಫ್ರೆಂಚ್ ವೈದ್ಯ ಲೆನೆಕ್ 1816ರಲ್ಲೇ ಸ್ಟೆತಾಸ್ಕೋಪನ್ನು ರೂಪಿಸಿದ್ದರೂ ಅದನ್ನು ಶಸ್ತ್ರಚಿಕಿತ್ಸೆಯ ಉದ್ದಕ್ಕೂ ಎದೆಯ ಮೇಲೆಯೇ ಇರಿಸಿ ಕೇಳುವ ಪದ್ಧತಿ ಮೂಡಲು ತೊಂಬತ್ತು ವರ್ಷಗಳೇ ಬೇಕಾದವು. ಆ ಪದ್ಧತಿಯನ್ನು ಬಲವಾಗಿ ಪ್ರತಿಪಾದಿಸಿದವರು ಮೆದುಳಿನ ಶಸ್ತ್ರವೈದ್ಯ ಹಾರ್ವಿ ಕುಶಿಂಗ್. ವಿದ್ಯಾರ್ಥಿಯಾಗಿದ್ದಾಗ ತಾವೇ ಈಥರ್ ಕೊಟ್ಟ ರೋಗಿಯೊಬ್ಬರು ಸತ್ತದ್ದನ್ನು ಕಂಡಿದ್ದ ಅವರು, ಮುಂದೆ ಸಹಪಾಠಿ ಕಾಡ್‌ಮನ್ ಜೊತೆ ಸೇರಿ ನಾಡಿ ಮತ್ತು ಉಸಿರಾಟವನ್ನು ಕಾಗದದ ಮೇಲೆ ದಾಖಲಿಸುವ ಕ್ರಮವನ್ನು ಆರಂಭಿಸಿದ್ದರು. 1908ರ ಸುಮಾರಿಗೆ ಬಾಲ್ಟಿಮೋರ್‌ನಲ್ಲಿ ಅವರ ಜೊತೆಗಿದ್ದ ಗ್ರಿಫಿತ್ ಡೇವಿಸ್, ರೋಗಿಯ ಎದೆಗೆ ಅಂಟಿಸಿದ ಸಾಧನದಿಂದ ಹೃದಯದ ಸದ್ದನ್ನು ನಿರಂತರವಾಗಿ ಆಲಿಸುತ್ತಿದ್ದರು.

ಆದರೆ ಎದೆಯ ಮೇಲಿನ ಆ ಸಾಧನಕ್ಕೆ ಅಡ್ಡಿಗಳು ಹಲವು. ಎದೆಯನ್ನೇ ತೆರೆಯಬೇಕಾದಾಗ ಅದಕ್ಕೆ ಜಾಗವಿಲ್ಲ, ರೋಗಿಯನ್ನು ಮಗ್ಗುಲಿಗೆ ತಿರುಗಿಸಿದರೆ ಅದು ಜಾರುತ್ತದೆ, ದಪ್ಪ ಮೈಯವರಲ್ಲಿ ಸದ್ದು ಕ್ಷೀಣಿಸುತ್ತದೆ. 1942ರಲ್ಲಿ ಮಾಂಟ್ರಿಯಲ್‌ನಲ್ಲಿ ಕ್ಯುರಾರೆ ಎಂಬ ಮದ್ದು ಬಳಕೆಗೆ ಬಂದ ಮೇಲೆ ಅದರಿಂದ ಸ್ನಾಯುಗಳನ್ನು ಸಡಿಲಿಸಿ, ಶ್ವಾಸನಾಳಕ್ಕೆ ಕೊಳವೆ ಇಳಿಸಿ, ಉಸಿರಾಟವನ್ನು ಅರಿವಳಿಕೆ ತಜ್ಞರೇ ನಡೆಸುವುದು ಕ್ರಮೇಣ ರೂಢಿಯಾಯಿತು. ರೋಗಿ ತಾನಾಗಿ ಉಸಿರೆಳೆಯದ ಕಾರಣ ಹಳೆಯ ಸೂಚನೆಗಳು ಮರೆಯಾದವು. ಅದೇ ಹೊತ್ತಿಗೆ, ಗಂಟಲಿಗೆ ಇನ್ನೊಂದು ಕೊಳವೆ ಇಳಿಸುವುದೂ ಸುಲಭವಾಯಿತು. 1954ರಲ್ಲಿ ‘ಅನೆಸ್ತೀಸಿಯಾಲಜಿ’ ಪತ್ರಿಕೆಯಲ್ಲಿ ಸ್ಮಿತ್ ಎಂಬವರು ಅನ್ನನಾಳದೊಳಗೆ ಇರಿಸುವ ಸ್ಟೆತಾಸ್ಕೋಪನ್ನು ವಿವರಿಸಿದರು.

ಸಾಧನ ತೀರಾ ಸರಳ. ಮೆತ್ತನೆಯ ಕೊಳವೆಯ ತುದಿಯಲ್ಲಿ ಸಣ್ಣ ರಂಧ್ರಗಳಿರುತ್ತವೆ, ಅವುಗಳ ಮೇಲೆ ತೆಳುವಾದ ಬಲೂನಿನ ಹೊದಿಕೆ ಇರುತ್ತದೆ. ಅನ್ನನಾಳವು ಹೃದಯದ ಎಡ ಹೃತ್ಕರ್ಣದ ಬೆನ್ನಿಗೇ ಹಾದುಹೋಗುವುದರಿಂದ ಪಕ್ಕೆಲುಬಾಗಲಿ ಕೊಬ್ಬಾಗಲಿ ನಡುವೆ ಬರುವುದಿಲ್ಲ. ಜಾರುಕ ಹಚ್ಚಿದ ಕೊಳವೆಯನ್ನು ತಜ್ಞರು ಕಿವಿಗೊಟ್ಟುಕೊಂಡೇ ಒಳಗೆ ಸರಿಸುತ್ತಾರೆ: ಮೊದಲು ಉಸಿರಿನ ಸದ್ದು, ಇನ್ನಷ್ಟು ಇಳಿದಾಗ ಅದರೊಳಗಿಂದ ಬಡಿತ, ಎರಡೂ ಗಟ್ಟಿಯಾಗಿ ಕೇಳುವ ಜಾಗದಲ್ಲಿ ಕೈ ನಿಲ್ಲುತ್ತದೆ. ವಯಸ್ಕರಲ್ಲಿ ಅದು ಮುಂಬಲ್ಲಿನಿಂದ ಸುಮಾರು 28ರಿಂದ 30 ಸೆಂಟಿಮೀಟರ್ ಆಳ. ಹೊರತುದಿಯನ್ನು ಒಂದೇ ಕಿವಿಗೆ, ಎಷ್ಟೋ ಸಲ ಆ ಕಿವಿಯ ಅಚ್ಚಿಗೆ ತಕ್ಕಂತೆ ಮಾಡಿಸಿದ ಬಿರಡೆಗೆ ಜೋಡಿಸುತ್ತಾರೆ. ಇನ್ನೊಂದು ಕಿವಿ ಶಸ್ತ್ರವೈದ್ಯರ ಮಾತಿಗೆ ಮೀಸಲು.

ಆ ಸದ್ದಿನಲ್ಲಿ ಎಣಿಕೆಗಿಂತ ಹೆಚ್ಚಿನ ಮಾಹಿತಿಯಿತ್ತು. ರಕ್ತದೊತ್ತಡ ಇಳಿದಾಗ, ಮುಖ್ಯವಾಗಿ ಹಸುಗೂಸುಗಳಲ್ಲಿ, ಬಡಿತ ಮಂಕಾಗುತ್ತದೆ. ಕಫ ಕಟ್ಟಿದರೆ ಗೊರಗೊರ ಎನ್ನುತ್ತದೆ, ಶ್ವಾಸಮಾರ್ಗ ಬಿಗಿದರೆ ಸಿಳ್ಳೆ ಕೇಳುತ್ತದೆ, ಯಂತ್ರದ ಕೊಳವೆ ಕಳಚಿಕೊಂಡರೆ ಉಸಿರಿನ ಸದ್ದೇ ನಿಲ್ಲುತ್ತದೆ. ಇಸಿಜಿ ತೋರಿಸುವುದು ಹೃದಯದ ವಿದ್ಯುತ್ತನ್ನು ಮಾತ್ರ. ಹೃದಯ ರಕ್ತವನ್ನು ದೂಡದಿದ್ದರೂ ಆ ಗೆರೆ ಕೆಲಹೊತ್ತು ಓಡುತ್ತಲೇ ಇರಬಹುದು. ಈ ಕಾರಣಕ್ಕಾಗಿಯೇ ಬಹುಕಾಲ ಮಕ್ಕಳ ಅರಿವಳಿಕೆಯಲ್ಲಿ ಸ್ಟೆತಾಸ್ಕೋಪ್ ಇಲ್ಲದೆ ಕೆಲಸ ಶುರುಮಾಡುವುದನ್ನು ಹಿರಿಯರು ಒಪ್ಪುತ್ತಿರಲಿಲ್ಲ.

ಕೊರತೆಗಳನ್ನೂ ಮುಚ್ಚಿಡಬಾರದು. ಅನ್ನನಾಳ ಕಿರಿದಾದವರಲ್ಲಿ, ಅಲ್ಲಿನ ರಕ್ತನಾಳಗಳು ಉಬ್ಬಿದವರಲ್ಲಿ ಇದನ್ನು ಬಳಸುವುದು ಅಪಾಯ. ತಪ್ಪಿ ಶ್ವಾಸನಾಳಕ್ಕೆ ಇಳಿದರೆ ಉಸಿರಾಟಕ್ಕೇ ತೊಡಕು. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ, ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂಬುದನ್ನು ಕಿವಿ ಹೇಳಲಾರದು.

ಆ ಕೊರತೆ ತುಂಬಿದ್ದು ಪಲ್ಸ್ ಆಕ್ಸಿಮೀಟರ್. ಜಪಾನಿನ ತಕುವೊ ಆಯೋಗಿ 1970ರ ದಶಕದ ಆರಂಭದಲ್ಲಿ ಕಂಡುಕೊಂಡ ತತ್ವವು 1980ರ ದಶಕದಲ್ಲಿ ಆಪರೇಷನ್ ಥಿಯೇಟರುಗಳನ್ನು ತಲುಪಿತು. ಹೊರಬಿಡುವ ಉಸಿರಿನಲ್ಲಿನ ಇಂಗಾಲದ ಡೈಆಕ್ಸೈಡನ್ನು ಅಳೆಯುವ ಕ್ಯಾಪ್ನೋಗ್ರಾಫ್ ಕೂಡ ಅದೇ ದಶಕದಲ್ಲಿ ಹಬ್ಬಿತು. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಅರಿವಳಿಕೆ ತಜ್ಞರ ಸಂಘವು ಒಪ್ಪಿದ ನಿಗಾ ಮಾನದಂಡಗಳಲ್ಲಿ ಹೃದಯದ ಸದ್ದನ್ನು ಆಲಿಸುವುದು ರಕ್ತಸಂಚಾರವನ್ನು ಗಮನಿಸುವ ಹಲವು ವಿಧಾನಗಳಲ್ಲಿ ಒಂದಾಗಿ ಉಳಿಯಿತು, ಕಡ್ಡಾಯವಾಗಲಿಲ್ಲ. ಹೊಸ ಯಂತ್ರಗಳು ಜೀವ ಉಳಿಸಿವೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಕಿವಿಯ ಬಿರಡೆ ತಜ್ಞರನ್ನು ರೋಗಿಯ ಬಳಿಯೇ ಕಟ್ಟಿಹಾಕುತ್ತಿತ್ತು. ಪರದೆಗೆ ಆ ಗುಣವಿಲ್ಲ, ಅದನ್ನು ಕೋಣೆಯ ಇನ್ನೊಂದು ಮೂಲೆಯಿಂದಲೂ ನೋಡಬಹುದು. ಆಮ್ಲಜನಕ ಇಳಿದಂತೆ ಆಕ್ಸಿಮೀಟರಿನ ಬೀಪ್ ಸ್ವರವೂ ಇಳಿಯುವಂತೆ ಮಾಡಿದ್ದು, ನನ್ನ ದೃಷ್ಟಿಯಲ್ಲಿ, ಕಿವಿಯ ಕೆಲಸವನ್ನು ಯಂತ್ರದ ಮೂಲಕ ಮರಳಿ ತಂದ ಅತ್ಯಂತ ಜಾಣ ಹೆಜ್ಜೆ.

ಕೊಳವೆ ಮಾತ್ರ ಇಂದಿಗೂ ಉಳಿದಿದೆ, ಇನ್ನೊಂದು ಕೆಲಸಕ್ಕಾಗಿ. ಅರಿವಳಿಕೆಯ ಕೆಲವು ಮದ್ದುಗಳಿಂದ ಮೈ ತಾಪ ಮಾರಕವಾಗಿ ಏರುವ ಸ್ಥಿತಿಯನ್ನು 1960ರಲ್ಲಿ ಮೆಲ್ಬರ್ನ್‌ನ ವೈದ್ಯರು ವರದಿ ಮಾಡಿದ ಬಳಿಕ ದೇಹದೊಳಗಿನ ತಾಪದ ಮೇಲಿನ ಗಮನ ಹೆಚ್ಚಿತು, ಹೃದಯದ ಬೆನ್ನಿಗಿರುವ ಈ ತುದಿ ಅದಕ್ಕೆ ತಕ್ಕ ಜಾಗವಾಗಿತ್ತು. ಈಗಿನ ಕೊಳವೆಗಳಲ್ಲಿ ತಾಪ ಅಳೆಯುವ ತಂತಿ ಮಾನಿಟರಿಗೆ ಹೋಗುತ್ತದೆ. ಅದರ ಪಕ್ಕದಲ್ಲೇ ಕಿವಿಗೆ ಜೋಡಿಸುವ ತುದಿಯೂ ಇರುತ್ತದೆ, ಹೆಚ್ಚಿನ ಸಲ ಯಾವ ಕಿವಿಗೂ ಜೋಡಣೆಯಾಗದೆ.