ರೀಸೆಟ್ ಮಾಡುವ ಮುಂಚೆ ಒಂದು ಮಾತು ಕೇಳಿ

ದಾವಣಗೆರೆಗೆ ಚಳಿ ಬಂತು ಅಂದರೆ ಟಿಬೆಟಿಯನ್ನರ ಸ್ವೆಟರ್ ಅಂಗಡಿಗಳೂ ಬಂದವು ಅಂತಲೇ ಲೆಕ್ಕ. ಅವರ ಕೆಟ್ಟ ಮೊಬೈಲ್‌ಗಳು ನನ್ನ ಟೇಬಲ್‌ಗೆ ಬರುತ್ತವೆ. ನನ್ನ ಹತ್ತಿರ ಬರುವವರಲ್ಲಿ ಮುಂಡಗೋಡದವರೇ ಜಾಸ್ತಿ. ಅಲ್ಲಿ ಅವರ ನೆಲೆ ಶುರುವಾದದ್ದು 1966ರಲ್ಲಿ. ಆಗ ಮುಖ್ಯಮಂತ್ರಿ ಆಗಿದ್ದವರು ನಮ್ಮ ಚಿತ್ರದುರ್ಗದಲ್ಲಿ ವಕೀಲಿಕೆ ಮಾಡಿದ್ದ ಎಸ್. ನಿಜಲಿಂಗಪ್ಪ.

2018ರ ಡಿಸೆಂಬರ್‌ನಲ್ಲಿ ಒಬ್ಬ ಅಕ್ಕ ಫೋನ್ ತಂದರು. ಆನ್ ಮಾಡಿದರೆ ಲೋಗೋ ಬಂದು ಅಲ್ಲೇ ನಿಲ್ಲುತ್ತಿತ್ತು. ಇಂಥದ್ದಕ್ಕೆ ನಮ್ಮ ಕೆಲಸದಲ್ಲಿ ಸುಲಭದ ದಾರಿ ರೀಸೆಟ್, ಅಂದರೆ ಒಳಗಿರುವುದನ್ನೆಲ್ಲ ಅಳಿಸಿ ಫೋನನ್ನು ಹೊಸದರ ಹಾಗೆ ಮಾಡುವುದು. ಎರಡು ಬಟನ್ ಒತ್ತಿ ಹಿಡಿದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಕೇಳದೆ ಮಾಡಿಬಿಟ್ಟೆ. ಸಂಜೆ ಅವರು ಬಂದು ವೀಚಾಟ್ ಹುಡುಕಿದರು, ವಾಟ್ಸ್ಆ್ಯಪ್‌ನಂಥದ್ದೇ ಒಂದು ಚೀನೀ ಆ್ಯಪ್ ಅದು. ಇರಲಿಲ್ಲ.

"ಅದ್ರಾಗ ನಮ್ಮವ್ವನ ಧ್ವನಿ ಇತ್ತಣ್ಣ" ಅಂದರು. ಬೈಯಲಿಲ್ಲ. ಸುಮ್ನೆ ದುಡ್ಡು ತೆಗೆದರು. ನನಗೆ ತಗೊಳ್ಳಲು ಕೈ ಬರಲಿಲ್ಲ.

ಎಂಟು ವರ್ಷದವರಿದ್ದಾಗ ಹಿಮಾಲಯ ದಾಟಿ ಬಂದವರು ಅವರು. ತಾಯಿ ಟಿಬೆಟ್‌ನಲ್ಲೇ ಉಳಿದರು. ಆ ತಾಯಿಗೆ ಓದು ಬರಹ ಬರುತ್ತಿರಲಿಲ್ಲ, ಹಾಗಾಗಿ ವಾಯ್ಸ್ ಮೆಸೇಜ್. ಚೀನಾದಲ್ಲಿ 2017ರಿಂದ ವಾಟ್ಸ್ಆ್ಯಪ್‌ಗೆ ತಡೆ ಇದೆ, ಹಾಗಾಗಿ ವೀಚಾಟ್. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದೆ. ಇಲ್ಲಿ ಅಂಗಡಿ ಮುಚ್ಚಿ ರಾತ್ರಿ ಒಂಬತ್ತಕ್ಕೆ ಕೂತರೆ ಅಲ್ಲಿ ಹನ್ನೊಂದೂವರೆ, ತಾಯಿ ಮಲಗಿರುತ್ತಾರೆ. ಇವರು ಹೇಳಿ ಕಳಿಸುವುದು, ಅವರು ಬೆಳಿಗ್ಗೆ ಕೇಳುವುದು. ಮಾತು ಅಂದರೆ ಮಂಡಿ ನೋವು, ಯಾಕ್ ಅನ್ನುವ ಅವರ ದನ ಕರು ಹಾಕಿದ್ದು, ಹಿಮ ಬಿದ್ದದ್ದು. ದಲೈಲಾಮಾ ಹೆಸರು ಎತ್ತುವ ಹಾಗಿಲ್ಲ. ಯಾರಾದರೂ ಕೇಳಿಸಿಕೊಂಡರೆ ತೊಂದರೆ ಅಲ್ಲಿರುವವರಿಗೆ.

ವೀಚಾಟ್‌ನ ಹಳೆಯ ಮಾತುಕತೆ ಕಂಪನಿಯ ಸರ್ವರ್‌ನಲ್ಲಿ ಉಳಿಯುವುದಿಲ್ಲ, ಫೋನಿನಲ್ಲೇ ಇರುತ್ತದೆ. ಫೋನ್ ಅಳಿಸಿದರೆ ಅದೂ ಹೋಯಿತು. ನನಗೆ ಇದು ಗೊತ್ತಿರಬೇಕಿತ್ತು.

2020ರ ಜೂನ್ 29ರಂದು ನಮ್ಮ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ವೀಚಾಟ್ ಕೂಡ ಅದರಲ್ಲಿತ್ತು. ನಮ್ಮ ಹುಡುಗರಿಗೆ ಹೋದದ್ದು ಟಿಕ್‌ಟಾಕ್ ಅಷ್ಟೆ. ಇವರಿಗೆ ಮನೆಯ ದಾರಿಯೇ ಮುಚ್ಚಿತು. ಕೆಲವರು ಈಗ ನೇಪಾಳದಲ್ಲಿರುವ ನೆಂಟರಿಗೆ ಹೇಳಿ, ಅವರ ಮೂಲಕ ಸುದ್ದಿ ತರಿಸಿಕೊಳ್ಳುತ್ತಾರೆ.

ನಿರಾಶ್ರಿತರು ಕೈಯಲ್ಲಿ ಉಳಿಯುವ ಹಣದಲ್ಲಿ ಮೂರನೇ ಒಂದು ಭಾಗದವರೆಗೂ ಫೋನ್ ಸಂಪರ್ಕಕ್ಕೆ ಸುರಿಯುತ್ತಾರೆ ಅಂತ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ 2016ರಲ್ಲೇ ಹೇಳಿತ್ತು. ಅಂಗಡಿಯಲ್ಲಿ ಕೂತು ನೋಡಿದವನಿಗೆ ಅದು ದುಂದು ಅನ್ನಿಸುವುದಿಲ್ಲ.

ರಿಪೇರಿ ಕಲಿಯುವ ಹುಡುಗರಿಗೆ ನಾನು ಹೇಳುವುದು ಇಷ್ಟು. ಡಿಸ್‌ಪ್ಲೇ ಒಡೆದಿದ್ದರೆ ಡಿಸ್‌ಪ್ಲೇ ಮಾತ್ರ ಹಾಕಿ. ಸಾಫ್ಟ್‌ವೇರ್ ಕೆಟ್ಟಿದ್ದರೆ ಡೇಟಾ ಉಳಿಸಿಕೊಂಡು ಹಾಕಲು ಆಗುತ್ತದಾ ಅಂತ ಮೊದಲು ನೋಡಿ, ಎರಡು ದಿನ ಜಾಸ್ತಿ ಹಿಡಿದರೂ ಪರವಾಗಿಲ್ಲ. ಬೋರ್ಡ್ ಸತ್ತಿದ್ದರೆ ಬೋರ್ಡ್ ಬದಲಿಸಬೇಡಿ, ಅದನ್ನೇ ಬದುಕಿಸಲು ನೋಡಿ. ಫೈಲುಗಳೆಲ್ಲ ಇರುವುದು ಅದರಲ್ಲೇ.

ನನ್ನ ರಿಪೇರಿ ಚೀಟಿಯಲ್ಲಿ ಈಗ ಒಂದು ಸಾಲು ಜಾಸ್ತಿ ಇದೆ: "ಒಳಗೆ ಏನು ಉಳಿಯಬೇಕು?" ಹೆಚ್ಚಿನವರು ಫೋಟೋ ಅಂತ ಬರೆಸುತ್ತಾರೆ. ಕಳೆದ ಚಳಿಗಾಲ ಸ್ವೆಟರ್ ಅಂಗಡಿಯ ಒಬ್ಬ ಅಜ್ಜ ಚೀಟಿ ನೋಡಿ, ಪೆನ್ ಇಸಿದುಕೊಂಡು ತಾವೇ ಟಿಬೆಟಿ ಲಿಪಿಯಲ್ಲಿ ಏನೋ ಬರೆದರು. ನನಗೆ ಓದಲು ಬರಲಿಲ್ಲ. ಫೋನಿನಲ್ಲಿದ್ದದ್ದು ಒಂದನ್ನೂ ಅಳಿಸದೆ ಕೊಟ್ಟೆ.